ನಮ್ಮ ಭಾವನ ನಲವತ್ತೆರಡು

ಮನುಷ್ಯನಿಗೆ ಹೆಸರು ಬರುವುದು ವಿದ್ಯೆಯಿಂದ, ಇಲ್ಲವೇ ಹಣದಿಂದ, ಎರಡೂ ಇಲ್ಲದವನಿಗೆ ಬಾಯಿ ಜೋರಿನಿಂದ. ನಮ್ಮ ಭಾವನಿಗೆ ಹೆಸರು ಬಂದದ್ದು ನಾಡಿಯಿಂದ. ಹೀಗೆ ಮಣಿಕಟ್ಟಿನಿಂದ ಪ್ರಸಿದ್ಧಿಗೆ ಬಂದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೂ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿ ಇದ್ದರೆ ಮುದ್ರೆ, ತಪ್ಪಿದ್ದರೆ ದಂಡ. ಇಲಾಖೆಯ ಜೀಪು ಬೇಡ ಎಂದು ಇಪ್ಪತ್ತೆರಡು ವರ್ಷದಿಂದ ಸೈಕಲ್ಲಿನಲ್ಲೇ ತಿರುಗಿದವರು. ಸಂಜೆ ಮನೆಗೆ ಬಂದ ಮೇಲೆ ಸುಸ್ತು ಕಳೆಯಲು ಮತ್ತೊಂದು ಸುತ್ತು ಸೈಕಲ್ ಹೊಡೆಯುತ್ತಾರೆ. ಭಾನುವಾರ ಊರಾಚೆಯ ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಇಳಿಯುತ್ತಾರೆ. ಅವರ ಪಕ್ಕದ ಮನೆಯಲ್ಲೇ ಇರುವ ನಾನು ಗಡಿಯಾರ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಎದುರು ನನ್ನದೊಂದು ಅಂಗಡಿ ಇದೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟು ವಿಶಾಲ. ಸೈಕಲ್ಲಿಗೂ ನನಗೂ ಆಗಿಬರುವುದಿಲ್ಲ. ನನ್ನ ಹೊಟ್ಟೆ ಹ್ಯಾಂಡಲಿಗೆ ಜಾಗ ಬಿಡುವುದಿಲ್ಲ.

ಎಲ್ಲ ಶುರುವಾದದ್ದು ಇಲಾಖೆಯಲ್ಲಿ ನಡೆದ ಆರೋಗ್ಯ ತಪಾಸಣೆಯಿಂದ. ನರ್ಸಮ್ಮ ಭಾವನ ಕೈ ಹಿಡಿದು ಒಂದು ಸಲ ಎಣಿಸಿದಳು. ಹುಬ್ಬು ಗಂಟಿಕ್ಕಿ ಇನ್ನೊಂದು ಸಲ ಎಣಿಸಿದಳು.

"ನಲವತ್ತೆರಡೇ ಇದೆಯಲ್ಲ ಸಾರ್! ಸೈಕಲ್ ಹೊಡೀತೀರಾ? ದೊಡ್ಡ ದೊಡ್ಡ ಆಟಗಾರರಿಗೆ ಹೀಗಿರುತ್ತಂತೆ. ಆದ್ರೂ ಒಂದ್ಸಲ ಹೃದಯದ ಡಾಕ್ಟರಿಗೆ ತೋರಿಸ್ಬಿಡಿ."

ಈ ಮಾತಿನಲ್ಲಿ ಮೂರು ಭಾಗಗಳಿವೆ. ಭಾವ ಎರಡನೆಯದರವರೆಗೆ ಕೇಳಿಸಿಕೊಂಡರು. ಮೂರನೆಯದು ಬರುವಷ್ಟರಲ್ಲಿ ಅವರು ಪಕ್ಕದ ಮೇಜಿನವರಿಗೆ "ನಿಮ್ಮದೆಷ್ಟು?" ಎಂದು ಕೇಳುತ್ತಿದ್ದರು. ಪಕ್ಕದ ಮೇಜಿನವರದು ಎಪ್ಪತ್ತಾರು. ಸಾಹೇಬರದು ಎಂಬತ್ತು. ಇಡೀ ಇಲಾಖೆಯಲ್ಲಿ ಎಪ್ಪತ್ತಕ್ಕಿಂತ ಕೆಳಗೆ ಇಳಿದ ಗಂಡಸು ಇನ್ನೊಬ್ಬನಿಲ್ಲ ಎಂದು ಮಧ್ಯಾಹ್ನದೊಳಗೆ ಖಚಿತವಾಯಿತು.

ಸಂಜೆ ಭಾವ ನೇರ ನನ್ನ ಅಂಗಡಿಗೆ ಬಂದು ಕೈ ಚಾಚಿದರು. "ಹಿಡಿ. ಎಣಿಸು."

ನಾನು ಎರಡು ಬೆರಳಿಟ್ಟೆ. ಟಕ್. ಸುಮ್ಮನಾಯಿತು. ನಾನು ಎದುರಿನ ಗೋಡೆಯ ಒಂಬತ್ತು ಗಡಿಯಾರಗಳನ್ನೂ ಒಂದು ಸಲ ನೋಡಿ ಮುಗಿಸಿದ ಮೇಲೆ ಮತ್ತೊಂದು ಟಕ್. ಸುಳ್ಳು ಹೇಳುವುದಿಲ್ಲ, ನನಗೆ ಮೈ ಜುಮ್ಮೆಂದಿತು. ನನ್ನದು ಒಂದು ಮಹಡಿ ಮೆಟ್ಟಿಲು ಹತ್ತಿದರೆ ಡವಡವ ಹೊಡೆದುಕೊಳ್ಳುವ ಎದೆ. ಇಲ್ಲಿ ನೋಡಿದರೆ ಸಾಕ್ಷಾತ್ ಋಷಿ ಕೂತಿದ್ದಾರೆ, ಅದೂ ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ ಹಾಕಿಕೊಂಡು!

"ಭಾವ, ನೀವು ಸಾಮಾನ್ಯರಲ್ಲ" ಎಂದೆ.

"ನಂಗೂ ಹಾಗೇ ಅನ್ನಿಸ್ತಾ ಇತ್ತು" ಎಂದರು ಭಾವ.

ಅಂಗಡಿಯ ಮುಂದೆ ಒಂದು ಕರಿಹಲಗೆ ಇತ್ತು. 'ಇಲ್ಲಿ ಸೆಲ್ ಬದಲಾಯಿಸಿ ಕೊಡಲಾಗುವುದು' ಎಂದು ಅದರ ಮೇಲೆ ಬರೆದಿದ್ದೆ. ಅದನ್ನು ಅಂಗೈಯಿಂದಲೇ ಒರೆಸಿ, ದಪ್ಪ ಅಕ್ಷರದಲ್ಲಿ 'ಭಾವ: ೪೨' ಎಂದು ಬರೆದೆ. ಈ ಒರೆಸಿದ ವಿಷಯ ನೆನಪಿರಲಿ. ನನಗಂತೂ ಸಾಯುವ ತನಕ ಮರೆಯುವುದಿಲ್ಲ.

ಜನ ಬರತೊಡಗಿದರು. ಬಸ್ಸಿಗೆ ಕಾದವರು ಬಂದರು, ಬಸ್ಸು ತಪ್ಪಿಸಿಕೊಂಡವರು ಬಂದರು. ಭಾವ ಸಂಜೆ ಐದೂವರೆಗೆ ನನ್ನ ಸ್ಟೂಲಿನ ಮೇಲೆ ಕೂತು ಎಡಗೈ ಚಾಚುವರು. ಒಬ್ಬೊಬ್ಬರೇ ಬಂದು ಹಿಡಿದು, ಕಣ್ಣು ಮುಚ್ಚಿ ಕಾದು, "ಅಬ್ಬಬ್ಬಾ" ಎಂದು ಹೋಗುವರು. ದಿನಸಿ ಅಂಗಡಿಯವನು ಬಂದ. ಹಿಂದಿನ ತಿಂಗಳಷ್ಟೇ ಭಾವ ಅವನಿಗೆ ದಂಡ ಹಾಕಿದ್ದರು, ತಕ್ಕಡಿ ಹದಿನೈದು ಗ್ರಾಂ ಕಮ್ಮಿ ತೂಗುತ್ತಿತ್ತು ಎಂದು. ಅವನೂ ಕೈ ಹಿಡಿದು ನೋಡಿ ತಲೆದೂಗಿದ. "ಇಂಥ ತಣ್ಣಗಿನ ಮನುಷ್ಯನ ಕೈಲಿ ದಂಡ ಹಾಕಿಸ್ಕೊಂಡಿದ್ದೂ ಒಂದು ಪುಣ್ಯವೇ ಬಿಡಿ" ಎಂದ.

ಒಪ್ಪದವರು ಒಬ್ಬರೇ, ಭಾವನ ಮೇಲಿನ ಮನೆಯ ನಿವೃತ್ತ ಹೆಡ್‌ಮೇಷ್ಟ್ರು. ಇವರು ಭಾನುವಾರದ ಸೈಕಲ್ ಸಂಘದ ಗೌರವಾಧ್ಯಕ್ಷರು. ಸೈಕಲ್ ಹೊಡೆಯುವುದಿಲ್ಲ, ಭಾಷಣ ಹೊಡೆಯುತ್ತಾರೆ.

"ನಿನ್ನ ವಾಚು ಮುಂದೆ ಓಡ್ತಿರ್ಬೇಕು ಕಣಯ್ಯಾ" ಎಂದರು ನನಗೆ. "ನಿಮಿಷವೇ ಗಿಡ್ಡ ಆದ್ರೆ ನಾಡಿ ಕಮ್ಮಿ ಬರದೆ ಇನ್ನೇನು?"

ಇದು ನನ್ನ ವೃತ್ತಿಯ ಮೇಲೇ ಬಂದ ಆರೋಪ. ಹೆಡ್‌ಮೇಷ್ಟ್ರು ತಮ್ಮ ಮನೆಯ ಟೈಂಪೀಸು ತಂದರು; ನಲವತ್ತೆರಡು. ಭಾವ ಇಲಾಖೆಯಿಂದ ಅರಗಿನ ಮುದ್ರೆ ಇರುವ ಸ್ಟಾಪ್‌ವಾಚನ್ನೇ ತಂದರು, ನಲವತ್ತೆರಡು. ಆಮೇಲೆ ಹೆಡ್‌ಮೇಷ್ಟ್ರ ನಾಡಿ ನೋಡಿದೆವು. ಎಂಬತ್ತೆಂಟು. ಎಂಬತ್ತೆಂಟು ಬಂದವನು ತಲೆ ತಗ್ಗಿಸಿದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಅಂದಿನಿಂದ ಅವರೂ ಭಾವನನ್ನು "ನಲವತ್ತೆರಡು ಸಾರ್" ಎಂದೇ ಕರೆಯತೊಡಗಿದರು, ಇಡೀ ಬೀದಿ ಹಾಗೇ ಕರೆಯಿತು.

ಎರಡು ತಿಂಗಳಾಗುವಷ್ಟರಲ್ಲಿ ನಲವತ್ತೆರಡು ನಲವತ್ತಾಯಿತು. ನಾವು ಚಹಾ ತರಿಸಿ ಕುಡಿದೆವು. ಮೂವತ್ತೆಂಟಾಯಿತು. ಸಾಹೇಬರು ಮೀಟಿಂಗಿನಲ್ಲಿ ಭಾವನನ್ನು ಎಬ್ಬಿಸಿ ನಿಲ್ಲಿಸಿ, "ಇವರನ್ನ ನೋಡಿ ಕಲೀರಿ" ಎಂದರಂತೆ. ಏನು ಕಲಿಯಬೇಕು ಎಂದು ಯಾರಿಗೂ ತಿಳಿಯದಿದ್ದರೂ ಎಲ್ಲರೂ ನೋಡಿದರು. ಭಾವನಿಗೆ ಈಗೀಗ ಮಾತಿನ ನಡುವೆ ತೂಕಡಿಕೆ ಬರುತ್ತಿತ್ತು. ಅದನ್ನು ಅವರು ಶಾಂತಿ ಎಂದು ಕರೆದರು. ದಿಬ್ಬ ಹತ್ತುವಾಗ ಅರ್ಧದಲ್ಲಿ ಒಂದು ಮೋರಿ ಇದೆ. ಅಲ್ಲಿ ಸೈಕಲ್ ನಿಲ್ಲಿಸಿ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರುತ್ತಿದ್ದರು. ಅದನ್ನು ಪ್ರಕೃತಿ ಸೌಂದರ್ಯ ಎಂದು ಕರೆದರು. ಮೋರಿಯಿಂದ ಕಾಣುವುದು ಒಂದು ಇಟ್ಟಿಗೆ ಗೂಡು ಮಾತ್ರ.

ಅಕ್ಕ ಒಂದು ದಿನ ಅಂಗಡಿಗೇ ಬಂದಳು. "ಲೋ, ನಿಮ್ಮ ಭಾವ ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡ್ಕೊಂಡು ನಿಲ್ತಾರೆ. ಮುಖ ಬಿಳಿಚ್ಕೊಂಡಿದೆ. ನಂಗ್ಯಾಕೋ ಭಯ ಕಣೋ. ಡಾಕ್ಟರ ಹತ್ರ ಕರ್ಕೊಂಡ್ ಹೋಗು."

"ನಿಂಗೆ ಗೊತ್ತಾಗಲ್ಲ ಸುಮ್ನಿರಕ್ಕ" ಎಂದೆ ನಾನು, ಮಹಾ ಬುದ್ಧಿವಂತ. "ಅದು ಆಟಗಾರರ ಹೃದಯ."

"ಆಟ ಆಡೋರದ್ದೋ, ಆಟ ಮುಗಿಸೋರದ್ದೋ?" ಎಂದಳು ಅಕ್ಕ. ಹಲಗೆಯ ಮೇಲಿನ ಮೂವತ್ತೆಂಟನ್ನು ದುರುಗುಟ್ಟಿ ನೋಡಿ ಹೊರಟುಹೋದಳು.

ಇಷ್ಟಾದರೂ ನಮಗೆ ಬುದ್ಧಿ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬದಲಿಗೆ ಸೈಕಲ್ ಸಂಘದವರು ಸನ್ಮಾನ ಇಟ್ಟುಕೊಂಡರು. ಭಾನುವಾರ ಬೆಳಿಗ್ಗೆ, ದಿಬ್ಬದ ಮೇಲೆ, ಟ್ಯಾಂಕಿನ ನೆರಳಿನಲ್ಲಿ. ಭಾವ ಸೈಕಲ್ಲಿನಲ್ಲಿ ದಿಬ್ಬ ಹತ್ತಿ ಬರಬೇಕು, ಕಾಲು ಗಂಟೆ ಕೂರಬೇಕು, ನಂತರ ಬಹಿರಂಗವಾಗಿ ನಾಡಿ ಎಣಿಕೆ, ನಂತರ ಶಾಲು. ಎಣಿಸುವವರು ಹೆಡ್‌ಮೇಷ್ಟ್ರು, ಗಡಿಯಾರ ಹಿಡಿಯುವವನು ನಾನು. ಅರವತ್ತು ಕುರ್ಚಿ ಹಾಕಿದ್ದರು. ಅಕ್ಕ ಕೊನೆಯ ಸಾಲಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಭಾವ ಬಂದರು. ಮೋರಿಯ ಬಳಿ ಎರಡು ಸಲ ಪ್ರಕೃತಿ ಸೌಂದರ್ಯ ಸವಿದು ಬಂದರು. ಕಾಲು ಗಂಟೆ ಕಳೆದ ಮೇಲೆ ಹೆಡ್‌ಮೇಷ್ಟ್ರು ಕೈ ಹಿಡಿದರು, ಮೈಕು ಅವರ ಬಾಯಿಯ ಹತ್ತಿರವೇ ಇತ್ತು. "ಒಂದು" ಎಂದರು. ಕಾದರು. "ಎರಡು." ಕಾದರು. ಅರವತ್ತು ಕುರ್ಚಿಯ ಜನ ಉಸಿರು ಬಿಗಿಹಿಡಿದಿದ್ದರು. ನಿಮಿಷ ಮುಗಿಯಿತು.

"ಮೂವತ್ತೊಂದು!" ಎಂದು ಹೆಡ್‌ಮೇಷ್ಟ್ರು ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದರು. ಭಾವ ಎದ್ದು ಮೈಕಿನ ಮುಂದೆ ನಿಂತರು. "ಬಂಧುಗಳೇ, ಹೃದಯ ಎಂದರೆ..." ಎಂದರು. ಅಲ್ಲಿಗೆ ನಿಲ್ಲಿಸಿದರು. ಭಾಷಣಕಾರರು ಹೀಗೆ ನಿಲ್ಲಿಸುವುದುಂಟು, ಜನ ಕಾದರು. ಅಭಿಮಾನದಿಂದ ಭಾವನ ಕೈಯನ್ನು ಇನ್ನೂ ಹಿಡಿದೇ ಇದ್ದ ಹೆಡ್‌ಮೇಷ್ಟ್ರು ಮತ್ತೆ ಒಳಗೊಳಗೇ ಎಣಿಸುತ್ತಿದ್ದರು, ಏಕಾಏಕಿ ಕಿರುಚಿದರು: "ಇಪ್ಪತ್ತೆಂಟು! ಹೊಸ ದಾಖಲೆ!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯ ನಡುವೆ ನಮ್ಮ ಭಾವ ಮೈಕು, ಮೇಜಿನ ಬಟ್ಟೆ, ಹೂದಾನಿ ಸಮೇತ ನಿಧಾನವಾಗಿ ಕೆಳಗೆ ಇಳಿದರು. ಮುಂದಿನ ಸಾಲಿನವರು ಅದನ್ನು ಸಾಷ್ಟಾಂಗ ನಮಸ್ಕಾರ ಎಂದುಕೊಂಡು ಇನ್ನೂ ಜೋರಾಗಿ ಹೊಡೆದರು.

"ಚಪ್ಪಾಳೆ ನಿಲ್ಸ್ರಿ!"

ಅದು ನಮ್ಮಕ್ಕನ ದನಿ. ಅಂಥ ದನಿ ಅವಳಲ್ಲಿ ಇದೆ ಎಂದು ಒಡಹುಟ್ಟಿದ ನನಗೇ ಗೊತ್ತಿರಲಿಲ್ಲ. ಕುರ್ಚಿಗಳನ್ನು ತಳ್ಳಿಕೊಂಡು ಬಂದಳು. "ಮನುಷ್ಯ ಸಾಯ್ತಿದಾನೆ, ದಾಖಲೆ ಅಂತೆ ದಾಖಲೆ! ಮೇಷ್ಟ್ರೇ, ಕೈ ಬಿಡಿ. ಲೋ, ಏನ್ ನೋಡ್ತಾ ನಿಂತಿದೀಯ, ಟೆಂಪೋ ತರ್ಸು!"

ಕುರ್ಚಿ ತಂದಿದ್ದ ಟೆಂಪೋದಲ್ಲೇ ಹಾಕಿಕೊಂಡು ಇಳಿದೆವು. ಮೋರಿ ದಾಟುವಾಗ ಭಾವ ಕಣ್ಣು ಬಿಟ್ಟರು. ನನ್ನ ಮುಖ ನೋಡಿ ಕೇಳಿದ ಮೊದಲ ಮಾತು, "ಎಷ್ಟು?"

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಮ್ಮ ಉದ್ದನೆಯ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾಡಿ ಇಷ್ಟು ಕಮ್ಮಿ ಅಂತ ಯಾವತ್ತಿಂದ ಗೊತ್ತು ಎಂದು ಕೇಳಿದರು. ಮೂರು ತಿಂಗಳಿಂದ ಎಂದೆವು. ಮತ್ತೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಹೆಡ್‌ಮೇಷ್ಟ್ರು ನನ್ನನ್ನು ನೋಡಿದರು, ನಾನು ಹೆಡ್‌ಮೇಷ್ಟ್ರನ್ನು ನೋಡಿದೆ. ಚಹಾ ಕುಡಿಯುತ್ತಿದ್ದೆವು ಎಂದು ಹೇಳುವುದು ಹೇಗೆ?

"ಇದು ಆಟಗಾರರ ಹೃದಯ ಅಲ್ಲ" ಎಂದರು ಡಾಕ್ಟರಮ್ಮ. "ಹೃದಯದಲ್ಲಿ ಮೇಲಿನ ಕೋಣೆ 'ಬಡಿ' ಅಂತ ಅಪ್ಪಣೆ ಕೊಡುತ್ತೆ. ಕೆಳಗಿನ ಕೋಣೆ ಬಡಿಯುತ್ತೆ. ನಿಮ್ಮಲ್ಲಿ ಮಧ್ಯದ ತಂತಿ ಹಾಳಾಗಿದೆ, ಮೇಲಿನ ಅಪ್ಪಣೆ ಒಂದೂ ಕೆಳಗೆ ಬರ್ತಿಲ್ಲ."

"ಹಾಗಾದ್ರೆ ಇಷ್ಟು ದಿನ ನಾನು ಹೇಗೆ ಬದುಕಿದ್ದೆ?" ಎಂದರು ಭಾವ.

"ಅದೇ ನೋಡಿ ಆಶ್ಚರ್ಯ. ಕೆಳಗಿನ ಕೋಣೆ ಕಾದು ಕಾದು, ಯಾರೂ ಹೇಳ್ದೇ ಇದ್ರೂ ತಾನಾಗೇ ಬಡ್ಕೊಂಡು ನಿಮ್ಮನ್ನ ಉಳಿಸಿದೆ. ಆ ಸ್ಥಿತೀಲಿ ನೀವು ಅದನ್ನ ದಿಬ್ಬ ಬೇರೆ ಹತ್ತಿಸಿದ್ದೀರಿ. ಈಗ ಪಾಪ, ಅದೂ ದಣಿದಿದೆ."

ಭಾವ ತಮ್ಮ ಎದೆಯನ್ನೇ ನೋಡಿಕೊಂಡರು, ಅಲ್ಲಿ ಯಾರೋ ಹೊಸಬರು ಇದ್ದಾರೆ ಎಂಬ ಹಾಗೆ. "ಮೇಲಿಂದ ಅಪ್ಪಣೆ ಇಲ್ದೆ ಕೆಲಸ ಮಾಡೋ ಗುಮಾಸ್ತ!" ಎಂದರು ಮೆಲ್ಲಗೆ. "ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇಂಥವನನ್ನ ಒಬ್ಬನ್ನೂ ನೋಡಿಲ್ಲ ನಾನು." ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು.

"ನಿಮಗೆ ಪೇಸ್‌ಮೇಕರ್ ಬೇಕು" ಎಂದರು ಡಾಕ್ಟರಮ್ಮ.

ಭಾವನ ಮುಖ ಅರಳಿತು. ಸೈಕಲ್ಲಿನವರ ಭಾಷೆಯಲ್ಲಿ ಪೇಸ್‌ಮೇಕರ್ ಎಂದರೆ ಮುಂದೆ ಸೈಕಲ್ ಹೊಡೆಯುತ್ತ ಹಿಂದಿನವನ ವೇಗ ಕಾಯುವವನು. "ಅಷ್ಟೇನಾ? ಹೆಡ್‌ಮೇಷ್ಟ್ರಿಗೆ ಸೈಕಲ್ ಬರಲ್ಲ. ಇವನಿದಾನಲ್ಲ ನನ್ನ ಭಾಮೈದ, ಇವನನ್ನೇ ತಯಾರು ಮಾಡ್ತೀನಿ."

"ಅದನ್ನ ನಿಮ್ಮ ಎದೆ ಒಳಗೆ ಕೂರಿಸ್ತೀವಿ" ಎಂದರು ಡಾಕ್ಟರಮ್ಮ.

ಭಾವ ನನ್ನ ಹೊಟ್ಟೆಯನ್ನು ಒಂದು ಸಲ ಅಳೆದು ನೋಡಿದರು. "ಇವನನ್ನಾ?"

ಡಾಕ್ಟರಮ್ಮ ಮೇಜಿನ ಡ್ರಾಯರಿನಿಂದ ಒಂದು ಮಾದರಿಯನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಗಂಡಸರ ಕೈಗಡಿಯಾರದಷ್ಟಿತ್ತು. ಹೆಗಲ ಕೆಳಗೆ ಚರ್ಮದೊಳಗೆ ಇಡುತ್ತಾರಂತೆ, ಅಲ್ಲಿಂದ ಹೃದಯಕ್ಕೆ ಕೂದಲೆಳೆಯಂಥ ತಂತಿ. ಸುಮ್ಮನೆ ಕೂತಾಗ ಅರವತ್ತಕ್ಕಿಂತ ಕೆಳಗೆ ಇಳಿಯಗೊಡುವುದಿಲ್ಲ, ದಿಬ್ಬ ಹತ್ತುವಾಗ ಬೇಕಾದಷ್ಟು ಏರಗೊಡುತ್ತದೆ. "ಒಳಗೆ ಒಂದು ಸೆಲ್ ಇರುತ್ತೆ, ಹತ್ತು ವರ್ಷದ ಮೇಲೆ ಬದಲಾಯಿಸಬೇಕು" ಎಂದರು.

ಸೆಲ್! ನನಗೆ ಎದೆಗೆ ಒದ್ದ ಹಾಗಾಯಿತು. ಇಪ್ಪತ್ತು ವರ್ಷದಿಂದ ಅದೇ ಕಸುಬು ನನ್ನದು. ಯಾರಾದರೂ ನಿಧಾನವಾದ ಗಡಿಯಾರ ತಂದರೆ "ಆಹಾ, ಎಂಥ ಶಾಂತ ಗಡಿಯಾರ" ಎಂದು ಹೊಗಳುತ್ತೇನೆಯೇ? ಶಾಲು ಹೊದಿಸುತ್ತೇನೆಯೇ? ಬಾಗಿಲಲ್ಲೇ ನೋಡಿ "ಸೆಲ್ ಹೋಗಿದೆ" ಎನ್ನುತ್ತೇನೆ. ಒಡಹುಟ್ಟಿದವಳ ಗಂಡನ ಗಡಿಯಾರ ನಿಲ್ಲುತ್ತ ಬಂದಾಗ ಮಾತ್ರ ನಾನು ಹಲಗೆಯ ಮೇಲೆ ಸ್ಕೋರು ಬರೆಯುತ್ತಿದ್ದೆ. ತಲೆ ಎತ್ತಿ ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ.

ಇತ್ತ ಭಾವ ಬೇರೆಯೇ ರಗಳೆ ತೆಗೆದಿದ್ದರು. "ಅರವತ್ತಾ? ನಲವತ್ತೆರಡಕ್ಕೆ ಇಡಿ ಡಾಕ್ಟ್ರೇ."

"ಆಗಲ್ಲ."

"ನಲವತ್ತೈದು?"

"ಇದೇನು ತರಕಾರಿ ಅಂಗಡೀನಾ?"

"ಹಾಗಾದ್ರೆ ಬೇಡ" ಎಂದರು ಭಾವ, ಮುಖ ಗೋಡೆಗೆ ತಿರುಗಿಸಿ. "ಸೈಕಲ್ ಹೊಡೆದು ಗಳಿಸಿದ ನಾಡಿ ಅಂದ್ಕೊಂಡಿದ್ದೆ. ಅದು ರೋಗ ಅಂದ್ರಿ. ಈಗ ಯಂತ್ರ ಇಟ್ಟು ಬಡಿಸ್ತೀನಿ ಅಂತೀರಿ. ತಕ್ಕಡಿ ಕೆಳಗೆ ಅಯಸ್ಕಾಂತ ಅಂಟಿಸಿದೋರಿಗೆಲ್ಲ ದಂಡ ಹಾಕಿದೋನು ನಾನು. ನನ್ನ ಎದೇಲೇ ಕಳ್ಳ ತೂಕ ಇಟ್ಕೊಂಡು ಯಾವ ಮುಖ ಹೊತ್ಕೊಂಡು ಮುದ್ರೆ ಒತ್ತಲಿ? ಅದೆಷ್ಟು ದಿನ ಇರುತ್ತೋ ಇರಲಿ ಬಿಡಿ."

ಡಾಕ್ಟರಮ್ಮ ನನಗೆ ಹೊರಗೆ ಬರಲು ಸನ್ನೆ ಮಾಡಿದರು. "ಇವತ್ತೋ ನಾಳೆಯೋ ಪೂರ್ತಿ ನಿಂತ್ರೆ ಯಾರೇನೂ ಮಾಡಕ್ಕಾಗಲ್ಲ. ಸಹಿ ಹಾಕಿಸಿ" ಎಂದರು. ನಾನು ಬೇಡಿಕೊಂಡೆ. ಹೆಡ್‌ಮೇಷ್ಟ್ರು ಹಿತವಚನ ಹೇಳಿದರು, ಅದು ನಲವತ್ತು ನಿಮಿಷ ಆಯಿತು. ಸಾಹೇಬರು ಫೋನಿನಲ್ಲಿ ಆಜ್ಞೆಯನ್ನೇ ಮಾಡಿದರು. ಮೇಲಿನ ಅಪ್ಪಣೆ ಕೆಳಗೆ ಇಳಿಯಲಿಲ್ಲ.

ಅಕ್ಕ ಅಷ್ಟೂ ಹೊತ್ತು ಕಿಟಕಿಯ ಬಳಿ ನಿಂತಿದ್ದವಳು ಮಂಚದ ಅಂಚಿಗೆ ಬಂದು ಕೂತಳು. ಭಾವನ ಕೈ ತೆಗೆದುಕೊಂಡಳು. ನನಗೆ ಆಗ ಹೊಳೆಯಿತು: ಇಷ್ಟು ತಿಂಗಳಲ್ಲಿ ಊರೆಲ್ಲ ಹಿಡಿದ ಆ ಕೈಯನ್ನು ನಮ್ಮ ಮುಂದೆ ಹಿಡಿಯದಿದ್ದವಳು ಇವಳೊಬ್ಬಳೇ.

"ನಾನೂ ಎಣಿಸಿದೀನಿ ರೀ" ಎಂದಳು. "ದಿನಾ ಬೆಳಿಗ್ಗೆ, ನೀವು ಏಳೋ ಮುಂಚೆ. ಗಡಿಯಾರ ಇಲ್ದೆ. ಒಂದು ಬಡಿಯುತ್ತೆ. ಆಮೇಲೆ ಇನ್ನೊಂದು ಬರುತ್ತೋ ಇಲ್ವೋ ಅಂತ ಕಾಯ್ತೀನಿ. ಬರಲ್ಲ. ಮುಗೀತು ಅನ್ಕೋತೀನಿ. ಆಗ ಬರುತ್ತೆ. ನೀವು ನಲವತ್ತು ಅಂತ ಚಹಾ ಕುಡಿದ್ರಿ, ನಾನು ನಿಮಿಷಕ್ಕೆ ನಲವತ್ತು ಸಲ ನಿಮ್ಮನ್ನ ಕಳ್ಕೊಂಡೆ. ಮೂವತ್ತೆಂಟು ಆದಾಗ ಮೂವತ್ತೆಂಟು ಸಲ. ಅದು ಯಾವ ತೂಕ, ಯಾವ ಅಳತೆ, ಹೇಳಿ. ನಂಗಿನ್ನು ಆಗಲ್ಲ."

ಭಾವನ ಇಲಾಖೆಯಲ್ಲಿ ಈ ಲೆಕ್ಕಕ್ಕೆ ಮುದ್ರೆ ಇರಲಿಲ್ಲ. ಅವರು ಗೋಡೆಯಿಂದ ಈ ಕಡೆ ತಿರುಗಿ, "ಪೆನ್ನು ಕೊಡೋ" ಎಂದರು ನನಗೆ. ಸಹಿ ಹಾಕಿದರು. ಹಾಕಿದ ಮೇಲೆ ಡಾಕ್ಟರಮ್ಮನನ್ನು ಕೇಳಿದ್ದು ಒಂದೇ: "ಅರವತ್ತು ಅಂದ್ರೆ ಸರಿಯಾಗಿ ಅರವತ್ತೇ ಇರುತ್ತೆ ತಾನೆ?"

ಮರುದಿನ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಹಾಸಿಗೆ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಎದ್ದು ಎದ್ದು ಇಳಿಯುತ್ತಿತ್ತು. ನಾನು ನನ್ನ ಕೈಗಡಿಯಾರವನ್ನು ಅದರ ಪಕ್ಕಕ್ಕೆ ಹಿಡಿದೆ. ಸೆಕೆಂಡಿಗೊಂದು, ಸೆಕೆಂಡಿಗೊಂದು. ನನ್ನ ಮುಳ್ಳೂ ಭಾವನ ಎದೆಯೂ ಜೊತೆಜೊತೆಗೆ ನಡೆಯುತ್ತಿದ್ದವು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆನಂತೆ. ನರ್ಸು ಬಂದು ಹೊರಗೆ ಕಳಿಸಿದಳು.

ಹೆಡ್‌ಮೇಷ್ಟ್ರು ನೋಡಲು ಬಂದವರು, "ಅರವತ್ತಕ್ಕೆ ಅರಳು ಮರಳು ಅಂತಾರೆ" ಎಂದು ಶುರುಮಾಡಿದರು.

"ನಮ್ಮವರಿಗೆ ಮೂವತ್ತೆಂಟಕ್ಕೆ ಅರಳು ಮರಳು ಆಗಿತ್ತು ಮೇಷ್ಟ್ರೇ, ನಿಮ್ಮ ಸಹವಾಸದಲ್ಲಿ" ಎಂದಳು ಅಕ್ಕ. "ಅರವತ್ತಕ್ಕೆ ಮರಳಿ ಬಂದ್ರು."

ಬೀದಿಯಲ್ಲಿ ಹೆಸರು 'ಅರವತ್ತು ಸಾರ್' ಎಂದು ಬದಲಾಯಿತು. ಭಾವ ಮೊದಮೊದಲು ಮುಖ ಸಿಂಡರಿಸಿದರು, ಆಮೇಲೆ ತಾವೇ ತಿದ್ದತೊಡಗಿದರು: "ಅರವತ್ತೇ. ಒಂದು ಹೆಚ್ಚಿಲ್ಲ, ಕಮ್ಮಿ ಇಲ್ಲ. ಹತ್ತು ವರ್ಷದ ಗ್ಯಾರಂಟಿ." ನನ್ನ ಹಲಗೆಯನ್ನು ಈ ಸಲ ನೀರು ಹಾಕಿ ತೊಳೆದೆ. 'ಇಲ್ಲಿ ಸೆಲ್ ಬದಲಾಯಿಸಿ ಕೊಡಲಾಗುವುದು' ಎಂದು ಮತ್ತೆ ಬರೆದೆ. ಕೆಳಗೆ ಸಣ್ಣಕ್ಷರದಲ್ಲಿ 'ನಿಧಾನವಾದರೆ ಕೂಡಲೇ ತನ್ನಿ' ಎಂದು ಸೇರಿಸಿದೆ.

ಎರಡು ತಿಂಗಳು ಸೈಕಲ್ ಮುಟ್ಟಬಾರದು ಎಂದಿತ್ತು. ಭಾವ ಮುಟ್ಟಲಿಲ್ಲ, ದಿನಾ ಒರೆಸಿದರು, ಬೆಲ್ ಹೊಡೆದು ನೋಡಿದರು, ಅಷ್ಟೆ. ಅವಧಿ ಮುಗಿದು ಡಾಕ್ಟರಮ್ಮ ಒಪ್ಪಿದ ಭಾನುವಾರ ದಿಬ್ಬಕ್ಕೆ ಹೊರಟರು. ಹಿಂದಿನಿಂದ ನಾನು ಸ್ಕೂಟರಿನಲ್ಲಿ, ನನ್ನ ಬೆನ್ನಿಗೆ ಅಕ್ಕ. ಮೋರಿ ಹತ್ತಿರ ಬಂತು. ಅಕ್ಕನ ಬೆರಳು ನನ್ನ ಹೆಗಲಿಗೆ ನಾಟಿತು. ಭಾವ ಮೋರಿಯ ಕಡೆ ತಿರುಗಿಯೂ ನೋಡದೆ, ಸೀಟಿನಿಂದ ಎದ್ದು ನಿಂತು ಪೆಡಲು ತುಳಿದು ಹತ್ತಿಬಿಟ್ಟರು. ನಾನು ಸ್ಕೂಟರಿನ ಮೇಲೇ ಕಿರುಚಿದೆ.

ಟ್ಯಾಂಕಿನ ಕೆಳಗೆ ಹೆಡ್‌ಮೇಷ್ಟ್ರು ಸ್ಟಾಪ್‌ವಾಚು ಹಿಡಿದು ಕಾದಿದ್ದರು, ಹಳೆಯ ಚಟ. ಭಾವ ಇಳಿಯುತ್ತಲೇ ಕೈ ಹಿಡಿದು ಎಣಿಸಿದರು. "ನೂರಾ ಹನ್ನೆರಡು!" ಎಂದರು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನೆತ್ತರು ತುಂಬಿ ಕೆಂಪಾಗಿದ್ದ ಭಾವನ ಮುಖವನ್ನು ನಾವೆಲ್ಲ ಸುಮ್ಮನೆ ನೋಡುತ್ತ ನಿಂತೆವು.

ಭಾವ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಅಕ್ಕ ಪಕ್ಕಕ್ಕೆ ಹೋಗಿ ಕೂತು, ಅವರ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಕಾಲು ಗಂಟೆ ಕಳೆಯಿತು. ಅವಳ ಬೆರಳು ಮಣಿಕಟ್ಟಿನ ಮೇಲೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಈಗೆಷ್ಟು ಅಕ್ಕ?"

ಅಕ್ಕ ನನ್ನ ಕಡೆ ತಿರುಗಲಿಲ್ಲ.

"ಎಣಿಸ್ತಿಲ್ಲ ಕಣೋ" ಎಂದಳು. "ಸುಮ್ನೆ ಹಿಡ್ಕೊಂಡಿದೀನಿ."